ಮಣಿಕಟ್ಟು ಕೈಕೊಟ್ಟಾಗ: ದೋಷ ಪತ್ತೆಯಿಂದ ಆಪರೇಷನ್‌ವರೆಗೆ

ಕೈ ಊರಿ ಬಿದ್ದ ಮೇಲೆ ಮಣಿಕಟ್ಟು ನೋಯುತ್ತದೆ. ಎಕ್ಸ್‌ರೇ ತೆಗೆಸಿದರೆ ಮೂಳೆ ಮುರಿದಿಲ್ಲ. ‘ಉಳುಕಿದೆ ಅಷ್ಟೇ’ ಎಂದು ಪಟ್ಟಿ ಕಟ್ಟಿ ಕಳಿಸುತ್ತಾರೆ. ಊತ ಇಳಿಯುತ್ತದೆ, ಆದರೆ ನೋವು ಪೂರ್ತಿ ಹೋಗುವುದಿಲ್ಲ. ಕುರ್ಚಿಗೆ ಕೈ ಊರಿ ಏಳುವಾಗ, ತುಂಬಿದ ಬಕೆಟ್ ಎತ್ತುವಾಗ, ಪುಷ್‌ಅಪ್ ಮಾಡುವಾಗ ಒಳಗೆ ಏನೋ ಜಾರಿದ ಹಾಗಾಗುತ್ತದೆ. ಒಮ್ಮೊಮ್ಮೆ ‘ಕಟಕ್’ ಅನ್ನುತ್ತದೆ. ಮುಷ್ಟಿಯಲ್ಲಿ ಮೊದಲಿನ ಬಲ ಇರುವುದಿಲ್ಲ.

ಈ ಹಂತದಲ್ಲಿ ಬಹಳ ಜನ ಕೇಳುವ ಪ್ರಶ್ನೆ ‘ಯಾವ ಆಪರೇಷನ್ ಒಳ್ಳೆಯದು?’ ಎಂಬುದು. ಅಲ್ಲಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಒಂದೇ ಲಿಗಮೆಂಟ್ (ಮೂಳೆಗೆ ಮೂಳೆಯನ್ನು ಕಟ್ಟುವ ಪಟ್ಟಿ) ಹರಿದ ಮೂವರಿಗೆ ಮೂರು ಬೇರೆ ಬೇರೆ ಆಪರೇಷನ್ ಬೇಕಾಗಬಹುದು. ಒಬ್ಬರಿಗೆ ಹೊಲಿದರೆ ಸಾಕು. ಇನ್ನೊಬ್ಬರಿಗೆ ಬೇರೆ ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ತಂದು ಕಟ್ಟಬೇಕು. ಮತ್ತೊಬ್ಬರಿಗೆ ಮೂಳೆಯನ್ನೇ ತೆಗೆಯಬೇಕು. ಯಾವ ಕೊಂಡಿ ಕಳಚಿದೆ, ಎಷ್ಟು ಹಳೆಯದು, ಮೂಳೆ ವಾಪಸ್ ಜಾಗಕ್ಕೆ ಬರುತ್ತದೆಯೇ, ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆಯ ಮೇಲಿನ ನುಣುಪು ಹೊದಿಕೆ) ಉಳಿದಿದೆಯೇ ಎಂಬುದು ಗೊತ್ತಾದರೆ ಆಯ್ಕೆ ಹೆಚ್ಚುಕಡಿಮೆ ತಾನಾಗಿಯೇ ಸಿಗುತ್ತದೆ.

ಮೊದಲು: ಇವತ್ತೇ ನೋಡಬೇಕಾದ ಕೇಸೇ?

ಎತ್ತರದಿಂದ ಬಿದ್ದಿದ್ದಾರೆ, ಅಥವಾ ಬೈಕ್ ಅಪಘಾತ ಆಗಿದೆ. ಮಣಿಕಟ್ಟು ದಪ್ಪಗೆ ಊದಿದೆ. ಬೆರಳು ಆಡಿಸಿದರೆ ಜೀವ ಹೋಗುವಷ್ಟು ನೋವು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದಿವೆ. ಇಂಥವರಲ್ಲಿ ಪೆರಿಲೂನೇಟ್ ಡಿಸ್‌ಲೊಕೇಶನ್ ಇದೆಯೇ ಎಂದು ಮೊದಲು ನೋಡಬೇಕು. ಲೂನೇಟ್ ಎಂಬ ನಡುವಿನ ಮೂಳೆಯ ಸುತ್ತಲಿನ ಮೂಳೆಗಳು ಕೀಲು ತಪ್ಪಿರುತ್ತವೆ. ಕೆಲವರಲ್ಲಿ ಲೂನೇಟೇ ಅಂಗೈ ಕಡೆಗೆ ಹೊರಬಿದ್ದು ಮೀಡಿಯನ್ ನರವನ್ನು ಒತ್ತುತ್ತಿರುತ್ತದೆ.

ಇಷ್ಟು ದೊಡ್ಡ ಪೆಟ್ಟು ಕಣ್ತಪ್ಪುವುದುಂಟೇ? ಉಂಟು. 1993ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ಮೊದಲ ಸಲ ನೋಡಿದಾಗ ಸುಮಾರು ನಾಲ್ಕರಲ್ಲಿ ಒಂದು ಕೇಸ್ ತಪ್ಪಿಹೋಗಿತ್ತು. ಕಾರಣ ಸರಳ. ಎದುರಿನಿಂದ ತೆಗೆದ ಎಕ್ಸ್‌ರೇ ಮೇಲ್ನೋಟಕ್ಕೆ ಪರವಾಗಿಲ್ಲ ಅನ್ನಿಸುತ್ತದೆ. ಪಕ್ಕದಿಂದ ತೆಗೆದದ್ದನ್ನು ಯಾರೂ ಗಮನವಿಟ್ಟು ನೋಡುವುದಿಲ್ಲ. ಅದರಲ್ಲಿ ರೇಡಿಯಸ್ (ಮುಂಗೈಯ ಹೆಬ್ಬೆರಳಿನ ಕಡೆಯ ಮೂಳೆ), ಲೂನೇಟ್, ಕ್ಯಾಪಿಟೇಟ್ (ಲೂನೇಟ್‌ನ ಮುಂದೆ ಬೆರಳಿನ ಕಡೆ ಇರುವ ಮೂಳೆ) ಮೂರೂ ಒಂದರ ಮೇಲೊಂದು ಒಂದೇ ಗೆರೆಯಲ್ಲಿ ಕೂತಿರಬೇಕು. ಲೂನೇಟ್‌ನ ತಗ್ಗಿನಲ್ಲಿ ಕ್ಯಾಪಿಟೇಟ್‌ನ ತಲೆ ಇಲ್ಲದೆ ತಗ್ಗು ಖಾಲಿ ಕಂಡರೆ ಅಲ್ಲಿಗೆ ಉತ್ತರ ಸಿಕ್ಕಿತು.

ತಡಮಾಡದೆ ಎಳೆದು ಕೂರಿಸಬೇಕು. ಹಾಗೆ ಕೂರಿಸಿ ಪ್ಲಾಸ್ಟರ್ ಹಾಕಿಬಿಟ್ಟರೆ ಸಾಲದು, ಮೂಳೆಗಳು ಮತ್ತೆ ಜಾರುತ್ತವೆ. ಕೆಲವೇ ದಿನಗಳಲ್ಲಿ ತೆರೆದು, ಲಿಗಮೆಂಟ್ ಹೊಲಿದು, ತಂತಿ ಹಾಕುವುದು ಇಂದಿನ ರೂಢಿ. ಕೂರಿಸಿದ ಮೇಲೂ ಜೋಮು ಇಳಿಯದಿದ್ದರೆ ಅಥವಾ ಜಾಸ್ತಿಯಾದರೆ ಮೀಡಿಯನ್ ನರ ಹಾದುಹೋಗುವ ಕಾರ್ಪಲ್ ಟನಲ್ ಕೂಡ ಬಿಡಿಸಬೇಕು.

ಒಳಗೆ ಏನು ಕೆಡುತ್ತದೆ?

ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳು ಎರಡು ಸಾಲಿನಲ್ಲಿವೆ. ಮುಂಗೈಗೆ ಹತ್ತಿರದ ಸಾಲಿನಲ್ಲಿ ಮುಖ್ಯವಾದವು ಮೂರು. ಹೆಬ್ಬೆರಳಿನ ಕಡೆ ಸ್ಕೇಫಾಯ್ಡ್, ನಡುವೆ ಲೂನೇಟ್, ಕಿರುಬೆರಳಿನ ಕಡೆ ಟ್ರೈಕ್ವೆಟ್ರಮ್. ಈ ಮೂರಕ್ಕೂ ಮುಂಗೈಯ ಯಾವ ಟೆಂಡನ್ನೂ ನೇರವಾಗಿ ಅಂಟಿಲ್ಲ. ಅಕ್ಕಪಕ್ಕದ ಮೂಳೆಗಳು ತಳ್ಳಿದ ಕಡೆಗೆ ಇವು ಹೋಗುತ್ತವೆ. ಹಿಡಿದಿಡುವ ಕೆಲಸವೆಲ್ಲ ಲಿಗಮೆಂಟ್‌ಗಳದ್ದೇ.

ಭಾರ ಬಿದ್ದಾಗ ಸ್ಕೇಫಾಯ್ಡ್ ಅಂಗೈ ಕಡೆಗೆ ಬಾಗಲು ನೋಡುತ್ತದೆ. ಟ್ರೈಕ್ವೆಟ್ರಮ್ ಹಿಂದಕ್ಕೆ ಸೆಟೆಯಲು ನೋಡುತ್ತದೆ. ಲೂನೇಟ್‌ನ ಪಾಡು ಹಗ್ಗಜಗ್ಗಾಟದ ಹಗ್ಗದ ನಡುವೆ ಕಟ್ಟಿದ ಬಟ್ಟೆಯಂಥದ್ದು. ಎರಡೂ ಕಡೆ ಎಳೆತ ಸಮವಿದ್ದರೆ ನೆಟ್ಟಗೆ ನಿಲ್ಲುತ್ತದೆ. ಸ್ಕೇಫಾಯ್ಡ್ ಕಡೆಯ ಲಿಗಮೆಂಟ್ ಹರಿದರೆ ಸ್ಕೇಫಾಯ್ಡ್ ಒಂಟಿಯಾಗಿ ಮುಂದಕ್ಕೆ ಬಾಗುತ್ತದೆ, ಲೂನೇಟ್ ಟ್ರೈಕ್ವೆಟ್ರಮ್ ಜತೆ ಹಿಂದಕ್ಕೆ ವಾಲುತ್ತದೆ. ಇದಕ್ಕೆ ಡಿಐಎಸ್‌ಐ ಎನ್ನುತ್ತಾರೆ. ಇನ್ನೊಂದು ಕಡೆ ಹರಿದರೆ ಲೂನೇಟ್ ಮುಂದಕ್ಕೆ ವಾಲುತ್ತದೆ, ಅದು ವಿಐಎಸ್‌ಐ. ಈ ಲೆಕ್ಕಾಚಾರವನ್ನು ಲಿನ್‌ಶೈಡ್, ಡಾಬಿನ್ಸ್ ಮತ್ತು ಸಂಗಡಿಗರು 1972ರಲ್ಲೇ ಬಿಡಿಸಿಟ್ಟರು. ಇಂದಿಗೂ ಅದೇ ಅಡಿಪಾಯ.

ಹೆಚ್ಚು ಕಾಣುವುದು ಮೊದಲನೆಯದು, ಸ್ಕೇಫೋಲೂನೇಟ್ ಲಿಗಮೆಂಟ್ ಹರಿಯುವುದು. ಈ ಲಿಗಮೆಂಟಿಗೆ ಮೂರು ಭಾಗ. ಹಿಂಬದಿಯದ್ದು ಎಲ್ಲಕ್ಕಿಂತ ಗಟ್ಟಿ, ಹರಿಯಲು ಸುಮಾರು 260 ನ್ಯೂಟನ್ ಬಲ ಬೇಕು. ಅಂಗೈ ಕಡೆಯದ್ದಕ್ಕೆ ಸುಮಾರು 118. ನಡುವಿನ ತೆಳು ಪೊರೆಗೆ 63ರಷ್ಟು ಸಾಕು. ಹಾಗಾಗಿ ರಿಪೋರ್ಟಿನಲ್ಲಿ ‘ಲಿಗಮೆಂಟ್ ಹರಿದಿದೆ’ ಎಂದು ಬರೆದರೆ ಯಾವ ಭಾಗ ಎಂದು ಕೇಳಲೇಬೇಕು. ನಡುವಿನ ಪೊರೆಯಲ್ಲಿ ತೂತು ಬಿದ್ದಿದೆ ಅಂದರೆ, ವಯಸ್ಸಾದವರಲ್ಲಿ ಅದು ಸುಮ್ನೆ ಸವೆತವೂ ಆಗಿರಬಹುದು.

ನೋವು ಎಲ್ಲಿ? ಒಂದು ಬೆರಳಿನಿಂದ ತೋರಿಸಿ

ಇಡೀ ಮಣಿಕಟ್ಟು ಹಿಡಿದು ‘ಇಲ್ಲೆಲ್ಲಾ’ ಅಂದರೆ ಪ್ರಯೋಜನವಿಲ್ಲ. ಒಂದೇ ಬೆರಳಿಟ್ಟು ತೋರಿಸಬೇಕು.

ಹೆಬ್ಬೆರಳಿನ ಬುಡದ ತಗ್ಗಿನಲ್ಲಿ ಒತ್ತಿದರೆ ನೋವಾದರೆ ಸ್ಕೇಫಾಯ್ಡ್ ಮುರಿತದ ಅನುಮಾನ. ಎಕ್ಸ್‌ರೇ ಚೆನ್ನಾಗಿದ್ದರೂ ಬಿಡಬಾರದು. ಸ್ಪ್ಲಿಂಟ್ ಹಾಕಿ 10ರಿಂದ 14 ದಿನ ಬಿಟ್ಟು ಮತ್ತೆ ತೆಗೆಸಬೇಕು, ಇಲ್ಲವೇ ಬೇಗನೆ ಎಂಆರ್‌ಐ ಮಾಡಿಸಬೇಕು.

ಕೈಯ ಹಿಂಬದಿಯಲ್ಲಿ, ರೇಡಿಯಸ್ ಅಂಚಿನಿಂದ ಸ್ವಲ್ಪ ಮುಂದೆ ನಡುಬೆರಳಿನ ನೇರಕ್ಕೆ ನೋವಿದ್ದರೆ ಸ್ಕೇಫೋಲೂನೇಟ್ ಲಿಗಮೆಂಟ್. ಇದಕ್ಕೆ ವಾಟ್ಸನ್ ಪರೀಕ್ಷೆ ಇದೆ. ಅಂಗೈ ಕಡೆ ಸ್ಕೇಫಾಯ್ಡ್‌ನ ಉಬ್ಬನ್ನು ಪರೀಕ್ಷಕರು ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಾರೆ. ಕಿರುಬೆರಳಿನ ಕಡೆ ಓರೆಯಾಗಿದ್ದ ಕೈಯನ್ನು ನಿಧಾನವಾಗಿ ಹೆಬ್ಬೆರಳಿನ ಕಡೆ ತರುತ್ತಾರೆ. ಲಿಗಮೆಂಟ್ ಹರಿದಿದ್ದರೆ ಸ್ಕೇಫಾಯ್ಡ್ ಬಾಗಲಾಗದೆ ಹಿಂದಕ್ಕೆ ಏರುತ್ತದೆ. ಒತ್ತಡ ಬಿಟ್ಟಾಗ ‘ಕಟಕ್’ ಎಂದು ವಾಪಸ್ ಬೀಳುತ್ತದೆ. ಇಲ್ಲಿ ಸದ್ದಿಗಿಂತ ನೋವು ಮುಖ್ಯ. ಮೈಯೆಲ್ಲ ಸಡಿಲ ಕೀಲಿನವರಲ್ಲಿ ಎರಡೂ ಕೈ ಕಟಕ್ ಅನ್ನುತ್ತದೆ, ಅವರಿಗೆ ಏನೂ ಆಗಿರುವುದಿಲ್ಲ. ಇನ್ನೊಂದು ಕೈಯನ್ನೂ ಪರೀಕ್ಷಿಸದೆ ತೀರ್ಮಾನ ಹೇಳುವುದು ಸರಿಯಲ್ಲ.

ಕಿರುಬೆರಳಿನ ಕಡೆ, ಮುಂಗೈಯ ಇನ್ನೊಂದು ಮೂಳೆಯಾದ ಅಲ್ನಾದ ತುದಿಯ ಪಕ್ಕದ ಸಣ್ಣ ತಗ್ಗಿನಲ್ಲಿ ಒತ್ತಿದರೆ ನೋವು, ಜತೆಗೆ ಬಾಗಿಲ ಹಿಡಿ ತಿರುಗಿಸುವಾಗ ತೊಂದರೆ ಅಂದರೆ ಟಿಎಫ್‌ಸಿಸಿ ಎಂಬ ಲಿಗಮೆಂಟ್ ಗುಂಪನ್ನು ನೋಡಬೇಕು. ಅದರ ದಾರಿಯೇ ಬೇರೆ, ಕೆಳಗೆ ಬರುತ್ತದೆ.

ಚಿತ್ರಗಳು ಏನು ಹೇಳುತ್ತವೆ, ಏನು ಮುಚ್ಚಿಡುತ್ತವೆ

ಸುಮ್ಮನೆ ಇಟ್ಟ ಕೈಯ ಎಕ್ಸ್‌ರೇ ಬಹಳ ಸಲ ಮಾಮೂಲಾಗಿಯೇ ಇರುತ್ತದೆ. ಲಿಗಮೆಂಟ್ ಹರಿದರೂ ಸುತ್ತಲಿನ ಲಿಗಮೆಂಟ್‌ಗಳು ಸ್ವಲ್ಪ ಕಾಲ ಹಿಡಿದುಕೊಂಡಿರುತ್ತವೆ. ಅವೂ ಸಡಿಲಾದ ಮೇಲೆ ಸಂದು ತೆರೆಯುತ್ತದೆ. ಆದ್ದರಿಂದ ಬಿಗಿ ಮುಷ್ಟಿ ಕಟ್ಟಿಸಿ ಒಂದು ಚಿತ್ರ ತೆಗೆಯಬೇಕು. ಮುಷ್ಟಿ ಬಿಗಿದಾಗ ಕ್ಯಾಪಿಟೇಟ್ ಬಂದು ಸ್ಕೇಫಾಯ್ಡ್, ಲೂನೇಟ್ ಎರಡರ ನಡುವೆ ಒತ್ತುತ್ತದೆ, ಅಡಗಿದ್ದ ಸಂದು ಕಾಣುತ್ತದೆ. 3 ಮಿಲಿಮೀಟರ್ ದಾಟಿದರೆ ಅನುಮಾನ. 5 ದಾಟಿದರೆ ಅನುಮಾನಕ್ಕೆ ಜಾಗವಿಲ್ಲ.

ಪಕ್ಕದ ಚಿತ್ರದಲ್ಲಿ ಸ್ಕೇಫಾಯ್ಡ್ ಮತ್ತು ಲೂನೇಟ್ ನಡುವಿನ ಕೋನ ಅಳೆಯಬೇಕು. ಮಾಮೂಲಿ 30ರಿಂದ 60 ಡಿಗ್ರಿ. 70 ದಾಟಿತು ಅಂದರೆ ಡಿಐಎಸ್‌ಐ. ಆದರೆ ಕೈ ಸ್ವಲ್ಪ ತಿರುಗಿದ್ದರೂ ಈ ಅಳತೆ ಸುಳ್ಳಾಗುತ್ತದೆ. ಪಿಸಿಫಾರ್ಮ್ ಎಂಬ ಗುಂಡು ಮೂಳೆಯ ಮುಂದಿನ ಅಂಚು ಸ್ಕೇಫಾಯ್ಡ್ ತುದಿಗೂ ಕ್ಯಾಪಿಟೇಟ್‌ನ ಮುಂದಿನ ಅಂಚಿಗೂ ನಡುವೆ ಬಿದ್ದಿದ್ದರೆ ಮಾತ್ರ ಅದು ನಿಜವಾದ ಪಕ್ಕದ ಚಿತ್ರ. ಇಲ್ಲದಿದ್ದರೆ ಮತ್ತೆ ತೆಗೆಸಿ. ಕೋನ ಅಳೆಯುವ ಮುಂಚೆ ಈ ಒಂದು ಹೆಜ್ಜೆಯನ್ನು ಎಷ್ಟೋ ಜನ ಹಾರಿಸಿಬಿಡುತ್ತಾರೆ.

ಎಂಆರ್‌ಐ ಉಪಯೋಗವಿದೆ. ಅದರಲ್ಲೂ ಕೀಲಿನೊಳಗೆ ಔಷಧ ಹಾಕಿ ತೆಗೆದದ್ದು ಇನ್ನೂ ವಾಸಿ. ಆದರೂ ಎಂಆರ್‌ಐ ಮಾಮೂಲಿ ಬಂದಿತೆಂದು ಲಿಗಮೆಂಟ್ ಚೆನ್ನಾಗಿದೆ ಎಂದು ಆಣೆ ಮಾಡುವಂತಿಲ್ಲ. ಕೊನೆಯ ಮಾತು ಆರ್ತ್ರೋಸ್ಕೋಪಿಯದ್ದು. ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು, ಕೊಕ್ಕೆಯಿಂದ ಮೀಟಿ, ಕೊಂಡಿ ಎಷ್ಟು ಸಡಿಲ ಎಂದು ಕಣ್ಣಾರೆ ನೋಡಬಹುದು. ಗೈಸ್ಲರ್ ಎಂಬವರ ನಾಲ್ಕು ದರ್ಜೆಗಳ ಲೆಕ್ಕ ಇಲ್ಲಿ ಬಳಕೆಯಲ್ಲಿದೆ. ನಾಲ್ಕನೆಯ ದರ್ಜೆಯಲ್ಲಿ 2.7 ಮಿಲಿಮೀಟರ್ ಕ್ಯಾಮೆರಾವೇ ಎರಡು ಮೂಳೆಗಳ ನಡುವೆ ತೂರಿಹೋಗುತ್ತದೆ. ಕಾರ್ಟಿಲೇಜ್ ಹೇಗಿದೆ ಎಂಬುದೂ ಇದರಲ್ಲೇ ಖಚಿತವಾಗುತ್ತದೆ. ಆಪರೇಷನ್ ಆಯ್ಕೆಯಲ್ಲಿ ಅದರಷ್ಟು ತೂಕದ ಮಾಹಿತಿ ಇನ್ನೊಂದಿಲ್ಲ.

ಐದು ಪ್ರಶ್ನೆ

ಗಾರ್ಸಿಯಾ-ಇಲಿಯಾಸ್ ಮತ್ತು ಸಂಗಡಿಗರು 2006ರಲ್ಲಿ ಐದು ಪ್ರಶ್ನೆಗಳ ಒಂದು ಸರಣಿ ಕೊಟ್ಟರು. ದೋಷ ಹುಡುಕಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ. ಸ್ಕೇಫೋಲೂನೇಟ್ ಲಿಗಮೆಂಟಿನ ಹಿಂಬದಿಯ ಭಾಗ ಉಳಿದಿದೆಯೇ? ಹರಿದಿದ್ದರೆ ಹೊಲಿಯುವಷ್ಟು ಒಳ್ಳೆಯ ಅಂಗಾಂಶ ಇದೆಯೇ? ಸ್ಕೇಫಾಯ್ಡ್ ತನ್ನ ಜಾಗದಲ್ಲಿ ನೆಟ್ಟಗಿದೆಯೇ? ಇಲ್ಲದಿದ್ದರೆ ಸುಲಭವಾಗಿ ಜಾಗಕ್ಕೆ ಬರುತ್ತದೆಯೇ? ಕಾರ್ಟಿಲೇಜ್ ಚೆನ್ನಾಗಿದೆಯೇ? ಎಲ್ಲಿ ‘ಇಲ್ಲ’ ಎಂಬ ಉತ್ತರ ಬರುತ್ತದೋ ಅದರ ಮೇಲೆ ಹಂತ ನಿಂತಿದೆ.

ಎಲ್ಲದಕ್ಕೂ ‘ಹೌದು’ ಎಂದಾದರೆ ಅರ್ಧ ಹರಿದದ್ದು ಅಷ್ಟೇ. ಸ್ಪ್ಲಿಂಟ್, ವ್ಯಾಯಾಮದಿಂದಲೇ ಅನೇಕರಿಗೆ ಸರಿಹೋಗುತ್ತದೆ. ಆಗದಿದ್ದರೆ ಆರ್ತ್ರೋಸ್ಕೋಪಿಯಲ್ಲಿ ಚಿಂದಿಯಾದ ಅಂಚು ಕತ್ತರಿಸಿ, ಬೇಕಿದ್ದರೆ ಚರ್ಮದ ಮೂಲಕವೇ ತಂತಿ ಹಾಕಿ ಹಿಡಿಸುತ್ತಾರೆ.

ಪೂರ್ತಿ ಹರಿದಿದೆ, ಆದರೆ ಹೊಲಿಯಬಹುದು ಎಂದಾದರೆ ಕಾಯಬಾರದು. ಪೆಟ್ಟಾದ ಮೊದಲ ನಾಲ್ಕರಿಂದ ಆರು ವಾರದೊಳಗೆ ಹೊಲಿದದ್ದು ಚೆನ್ನಾಗಿ ಕೂಡುತ್ತದೆ. ಆಮೇಲೆ ಅಂಚುಗಳು ಮುದುಡಿಹೋಗುತ್ತವೆ. ‘ಉಳುಕು, ನೋಡೋಣ’ ಎಂದು ಕಳೆದ ತಿಂಗಳುಗಳ ಏಟು ಬೀಳುವುದು ಇಲ್ಲೇ. ಕೆಲಸ ಹೀಗೆ ನಡೆಯುತ್ತದೆ. ಕೈಯ ಹಿಂಬದಿಯಲ್ಲಿ ಕೊಯ್ದು, ಟೆಂಡನ್‌ಗಳನ್ನು ಪಕ್ಕಕ್ಕೆ ಸರಿಸಿ ಕೀಲು ತೆರೆಯುತ್ತಾರೆ. ಸ್ಕೇಫಾಯ್ಡ್‌ಗೊಂದು, ಲೂನೇಟ್‌ಗೊಂದು ತಂತಿ ಚುಚ್ಚಿ, ಅವನ್ನೇ ಹಿಡಿಕೆಯಾಗಿ ಬಳಸಿ ಎರಡೂ ಮೂಳೆಗಳನ್ನು ತಿರುಗಿಸಿ ಜಾಗಕ್ಕೆ ತರುತ್ತಾರೆ. ಲಿಗಮೆಂಟ್ ಸಾಮಾನ್ಯವಾಗಿ ಸ್ಕೇಫಾಯ್ಡ್ ಕಡೆಯಿಂದ ಕಿತ್ತುಬಂದಿರುತ್ತದೆ. ಮೂಳೆಯೊಳಗೆ ಆಂಕರ್ (ದಾರವಿರುವ ಸಣ್ಣ ಮೊಳೆ) ಕೂರಿಸಿ, ಅದರ ದಾರದಿಂದ ಲಿಗಮೆಂಟನ್ನು ವಾಪಸ್ ಹೊಲಿಯುತ್ತಾರೆ. ಆಮೇಲೆ ಕೆ-ವೈರ್ ಎಂಬ ಗಟ್ಟಿ ತಂತಿಗಳಿಂದ ಸ್ಕೇಫಾಯ್ಡನ್ನು ಲೂನೇಟ್‌ಗೂ ಕ್ಯಾಪಿಟೇಟ್‌ಗೂ ಸೇರಿಸಿಡುತ್ತಾರೆ. ಹೊಲಿಗೆ ಒಂದೇ ಭಾರ ತಾಳದು. ಸುಮಾರು 8 ವಾರ ಆ ತಂತಿಗಳೇ ಹಿಡಿದಿರಬೇಕು.

ಹೊಲಿಯಲು ಏನೂ ಉಳಿದಿಲ್ಲ, ಆದರೆ ಮೂಳೆಗಳು ಸುಲಭವಾಗಿ ಜಾಗಕ್ಕೆ ಬರುತ್ತವೆ ಎಂದಾದರೆ ಹೊಸ ಲಿಗಮೆಂಟ್ ಕಟ್ಟಬೇಕು. ಚರ್ಚೆ ಜಾಸ್ತಿ ಇರುವುದೂ ಇದರ ಬಗ್ಗೆಯೇ. 1987ರ ಬ್ಲಾಟ್ ವಿಧಾನದಲ್ಲಿ ಕೀಲಿನ ಹಿಂಬದಿಯ ಪೊರೆಯ ಒಂದು ಪಟ್ಟಿಯನ್ನು ಸ್ಕೇಫಾಯ್ಡ್‌ಗೆ ಕಟ್ಟಿ ಅದು ಬಾಗದಂತೆ ಹಿಡಿಯುತ್ತಿದ್ದರು. ಕಾಲ ಕಳೆದಂತೆ ಆ ಪಟ್ಟಿ ಹಿಗ್ಗುವುದೂ ಕಂಡುಬಂತು. 1995ರಲ್ಲಿ ಬ್ರುನೆಲ್ಲಿಗಳು ಎಫ್‌ಸಿಆರ್ ಎಂಬ, ಮಣಿಕಟ್ಟನ್ನು ಮುಂದಕ್ಕೆ ಬಾಗಿಸುವ ಟೆಂಡನ್ನಿನ ಒಂದು ಸೀಳನ್ನು ಸ್ಕೇಫಾಯ್ಡ್‌ನ ತೂತಿನ ಮೂಲಕ ಹಿಂದಕ್ಕೆ ತಂದು ರೇಡಿಯಸ್‌ಗೆ ಕಟ್ಟಿದರು. ಸ್ಕೇಫಾಯ್ಡ್ ಎದ್ದು ನಿಂತಿತು. ಆದರೆ ರೇಡಿಯಸ್‌ಗೆ ಕಟ್ಟಿದ್ದರಿಂದ ಕೈ ಮುಂದಕ್ಕೆ ಬಾಗುವುದು ಕಡಿಮೆಯಾಯಿತು. ಮುಂದೆ ಬಂದವರು ಅದೇ ಸೀಳನ್ನು ರೇಡಿಯಸ್‌ಗೆ ಒಯ್ಯದೆ ಲೂನೇಟ್ ಮೇಲೆ ಆಂಕರ್‌ನಿಂದ ಹಿಡಿಸಿ, ಹಿಂಬದಿಯ ಇನ್ನೊಂದು ಲಿಗಮೆಂಟಿನ ಮೂಲಕ ಸುತ್ತಿ ತಂದು ಅಲ್ಲೇ ಹೊಲಿದರು. ಬಹಳ ಕಡೆ ಈಗ ನಡೆಯುವುದು ಇದರದೇ ರೂಪಗಳು. ಸಂದನ್ನು ಹಿಂದಿನಿಂದ ಮಾತ್ರ ಕಟ್ಟದೆ ಅಂಗೈ ಕಡೆಯಿಂದಲೂ ಕಟ್ಟಬೇಕು ಎನ್ನುವವರಿದ್ದಾರೆ. ಹೊಲಿಗೆಗೆ ಕೃತಕ ಟೇಪಿನ ಆಸರೆ ಕೊಡುವವರೂ ಇದ್ದಾರೆ. ಯಾವುದನ್ನೇ ಮಾಡಿದರೂ ಕೈ ಬಾಗುವುದು ಸ್ವಲ್ಪ ಕಡಿಮೆಯಾಗುತ್ತದೆ. ‘ಮೊದಲಿನ ಹಾಗೇ ಆಗುತ್ತದೆ’ ಎಂದು ಭರವಸೆ ಕೊಡುವವರನ್ನು ನಾನು ನಂಬುವುದಿಲ್ಲ.

ಮೂಳೆ ಬಿಗಿದುಕೊಂಡು ಜಾಗಕ್ಕೆ ಬರುತ್ತಿಲ್ಲ, ಕಾರ್ಟಿಲೇಜ್ ಮಾತ್ರ ಚೆನ್ನಾಗಿದೆ. ಆಗ ಟೆಂಡನ್ ಕಟ್ಟಿ ಬಲವಂತವಾಗಿ ಎಳೆದರೆ ತಂತಿ ತೆಗೆದ ಮೇಲೆ ಮತ್ತೆ ಜಾರುತ್ತದೆ. ಕೆಲವು ಮೂಳೆಗಳನ್ನು ಒಂದಕ್ಕೊಂದು ಬೆಸೆಯುವುದೇ ಇಲ್ಲಿಯ ದಾರಿ.

ಕಾರ್ಟಿಲೇಜ್ ಸವೆದಿದ್ದರೆ ಲಿಗಮೆಂಟ್ ಕಟ್ಟುವ ಮಾತು ಬಿಟ್ಟುಬಿಡಬೇಕು. ಸವೆತಕ್ಕೂ ಒಂದು ಕ್ರಮವಿದೆ, ವಾಟ್ಸನ್ ಮತ್ತು ಬ್ಯಾಲೆ 1984ರಲ್ಲಿ ಅದನ್ನು ಸ್ಲ್ಯಾಕ್ ರಿಸ್ಟ್ (ಸ್ಕೇಫೋಲೂನೇಟ್ ಕೊಂಡಿ ಕಳಚಿ ಕುಸಿದ ಮಣಿಕಟ್ಟು) ಎಂದು ಕರೆದರು. ಮೊದಲು ರೇಡಿಯಸ್‌ನ ತುದಿ, ಆಮೇಲೆ ರೇಡಿಯಸ್–ಸ್ಕೇಫಾಯ್ಡ್ ಕೀಲು ಪೂರ್ತಿ, ಆಮೇಲೆ ಕ್ಯಾಪಿಟೇಟ್–ಲೂನೇಟ್. ವಿಚಿತ್ರವೆಂದರೆ ರೇಡಿಯಸ್–ಲೂನೇಟ್ ಕೀಲು ಬಹುತೇಕ ಕೊನೆಯವರೆಗೂ ಉಳಿಯುತ್ತದೆ. ಆಪರೇಷನ್ನುಗಳು ಆ ಉಳಿದ ಕೀಲಿನ ಮೇಲೇ ನಿಂತಿವೆ. ಸ್ಕೇಫಾಯ್ಡ್ ತೆಗೆದು ಉಳಿದವುಗಳಲ್ಲಿ ನಾಲ್ಕು ಮೂಳೆ ಬೆಸೆಯಬಹುದು. ಅಥವಾ ಮೊದಲ ಸಾಲನ್ನೇ ತೆಗೆದು ಕ್ಯಾಪಿಟೇಟನ್ನು ಲೂನೇಟ್‌ನ ಜಾಗಕ್ಕೆ ಕೂರಿಸಬಹುದು. ಎರಡನೆಯದು ಸರಳ, ಮೂಳೆ ಕೂಡಲು ಕಾಯಬೇಕಿಲ್ಲ. ಧೂಮಪಾನ ಬಿಡದವರಲ್ಲಿ ಬೆಸುಗೆ ಕೂಡದೆ ಹೋಗುವ ಅಪಾಯವಿರುವುದರಿಂದ ಇದು ಅನುಕೂಲ. ಆದರೆ ಕ್ಯಾಪಿಟೇಟ್‌ನ ತಲೆ ಸವೆದಿದ್ದರೆ ಆಗದು. ಕಡಿಮೆ ವಯಸ್ಸಿನವರಲ್ಲಿ ಹೊಸ ಕೀಲೂ ಕಾಲಕ್ರಮೇಣ ಸವೆಯಬಹುದು. ಎರಡರಲ್ಲೂ ಉಳಿಯುವ ಬಾಗುವಿಕೆ ಸುಮಾರು ಅರ್ಧ. ಎಲ್ಲ ಕೀಲೂ ಕೆಟ್ಟಿದ್ದರೆ ಮಣಿಕಟ್ಟನ್ನೇ ಪೂರ್ತಿ ಬೆಸೆಯುತ್ತಾರೆ. ಕೇಳಲು ಭಯವಾಗುತ್ತದೆ ಅಲ್ವಾ? ಆದರೆ ಅಂಗೈಯನ್ನು ಮೇಲೆ-ಕೆಳಗೆ ತಿರುಗಿಸುವುದು ಹಾಗೇ ಉಳಿಯುತ್ತದೆ. ನೋವಿಲ್ಲದ ಗಟ್ಟಿ ಕೈ ಸಿಕ್ಕರೆ ಭಾರದ ಕೆಲಸ ಮಾಡುವವರು ಎಷ್ಟೋ ಸಲ ಇದನ್ನೇ ಮೆಚ್ಚುತ್ತಾರೆ.

ಕಿರುಬೆರಳಿನ ಕಡೆಯ ದೋಷ

ಇಲ್ಲಿ ಸಡಿಲವಾಗುವುದು ರೇಡಿಯಸ್ ಮತ್ತು ಅಲ್ನಾ ನಡುವಿನ ಕೀಲು. ರೇಡಿಯಸ್ಸನ್ನು ಹಿಡಿದು ಅಲ್ನಾ ತಲೆಯನ್ನು ಹಿಂದೆ-ಮುಂದೆ ತಳ್ಳಿ ನೋಡಬೇಕು. ಅಂಗೈ ಮೇಲೆ, ಅಂಗೈ ಕೆಳಗೆ, ನಡುವೆ, ಮೂರೂ ಸ್ಥಿತಿಯಲ್ಲಿ, ಎರಡೂ ಕೈಯಲ್ಲಿ. ಜಾಸ್ತಿ ಆಡಿದರೆ ಟಿಎಫ್‌ಸಿಸಿ ಅಲ್ನಾದಿಂದ ಕಿತ್ತುಬಂದಿರಬಹುದು.

ಕತ್ತಿ ಹಿಡಿಯುವ ಮುಂಚೆ ಒಂದು ಎಚ್ಚರಿಕೆ. ರೇಡಿಯಸ್ ಹಿಂದೆ ಮುರಿದು ಓರೆಯಾಗಿ ಕೂಡಿದೆಯೇ ಎಂದು ನೋಡಿ. ಹಾಗಿದ್ದರೆ ಆ ಓರೆಯೇ ಮೂಲ ದೋಷ. ಅದನ್ನು ಬಿಟ್ಟು ಲಿಗಮೆಂಟ್ ಹೊಲಿದರೆ ಹೊಲಿಗೆ ನಿಲ್ಲದು. ಮೊದಲು ಮೂಳೆ ಕತ್ತರಿಸಿ ನೇರ ಮಾಡಬೇಕು. ಅಲ್ನಾ ಉದ್ದವಾಗಿ ಒತ್ತುತ್ತಿದ್ದರೆ ಅದನ್ನು ಗಿಡ್ಡ ಮಾಡಬೇಕು.

ಮೂಳೆ ಸರಿಯಿದ್ದು ಟಿಎಫ್‌ಸಿಸಿ ಹೊಲಿಯುವಂತಿದ್ದರೆ, ಅಲ್ನಾದಲ್ಲಿ ಸಣ್ಣ ತೂತು ಕೊರೆದು ಅದನ್ನು ಮೂಲಜಾಗಕ್ಕೆ ಬಿಗಿಯುತ್ತಾರೆ. ಹೊಲಿಯುವಂತಿಲ್ಲದಿದ್ದರೆ 2002ರಲ್ಲಿ ಪ್ರಕಟವಾದ ಆಡಮ್ಸ್–ಬರ್ಗರ್ ವಿಧಾನ ಇದೆ. ಮುಂಗೈಯ ಪಾಲ್ಮಾರಿಸ್ ಲಾಂಗಸ್ ಟೆಂಡನ್ನನ್ನು ರೇಡಿಯಸ್‌ನಲ್ಲೂ ಅಲ್ನಾದಲ್ಲೂ ಕೊರೆದ ತೂತಿನ ಮೂಲಕ ಸುತ್ತಿ, ಹಿಂದೆ-ಮುಂದೆ ಎರಡೂ ಕಡೆಯ ಲಿಗಮೆಂಟ್ ಹೊಸದಾಗಿ ಕಟ್ಟುತ್ತಾರೆ. ಕೀಲು ಸವೆದಿದ್ದರೆ ಇದೂ ಆಗದು. ಈ ಟೆಂಡನ್ ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ, ಆಪರೇಷನ್ನಿಗೆ ಮುಂಚೆಯೇ ನೋಡಿಕೊಳ್ಳಬೇಕು.

ಮೂಳೆ ಮುರಿದಿದ್ದರೆ

ಸ್ಕೇಫಾಯ್ಡ್‌ಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ ಹಿಮ್ಮುಖವಾಗಿ ಬರುತ್ತದೆ. ಹಾಗಾಗಿ ಮುಂಗೈ ಕಡೆಯ ತುಂಡು ಒಣಗುವ ಅಪಾಯವಿದೆ. ತುಂಡು ಸರಿದಿದ್ದರೆ ತಲೆಯಿಲ್ಲದ ಸ್ಕ್ರೂ ಹಾಕಿ ಬಿಗಿಯುತ್ತಾರೆ. ಕೂಡದೆ ಬಿಟ್ಟರೆ ಲಿಗಮೆಂಟ್ ಹರಿದಾಗ ಆಗುವಂಥ ಸವೆತವೇ ಇಲ್ಲೂ ಬರುತ್ತದೆ.

ರೇಡಿಯಸ್ ಮುರಿದಾಗ ಪ್ಲೇಟ್ ಹಾಕಿ ಆಯಿತು ಎಂದುಕೊಳ್ಳಬಾರದು. ಪ್ಲೇಟ್ ಬಿಗಿದ ಮೇಲೆ, ಗಾಯ ಮುಚ್ಚುವ ಮುಂಚೆ, ಅಲ್ನಾ ಕೀಲನ್ನೂ ಸ್ಕೇಫೋಲೂನೇಟ್ ಸಂದನ್ನೂ ಅಲ್ಲಾಡಿಸಿ ನೋಡಬೇಕು. ಆಗ ಐದು ನಿಮಿಷದ ಕೆಲಸ. ಆಮೇಲೆ ಇನ್ನೊಂದು ಆಪರೇಷನ್. ಅಂಗೈ ಕಡೆಯ ಒಳ ಅಂಚಿನಲ್ಲಿ ಲೂನೇಟ್ ಕೂರುವ ಸಣ್ಣ ತುಂಡು ಇದ್ದರೆ ಪ್ಲೇಟ್ ಅದನ್ನು ಹಿಡಿದಿದೆಯೇ ಎಂದು ಬೇರೆಯಾಗಿ ನೋಡಬೇಕು. ಅದು ಜಾರಿದರೆ ಇಡೀ ಮಣಿಕಟ್ಟು ಅದರ ಹಿಂದೆ ಹೋಗುತ್ತದೆ.

ಆಪರೇಷನ್ ಆದ ಮೇಲೂ ತೊಂದರೆ ಇದ್ದರೆ

ತಂತಿ ತೆಗೆದ ಮೇಲೆ ಎಕ್ಸ್‌ರೇಯಲ್ಲಿ ಸಂದು ಸ್ವಲ್ಪ ತೆರೆಯುವುದು ಅಪರೂಪವೇನಲ್ಲ. ನೋವಿಲ್ಲ, ಹಿಡಿತ ಚೆನ್ನಾಗಿದೆ ಅಂದರೆ ಚಿತ್ರ ನೋಡಿ ಮತ್ತೆ ಕತ್ತಿ ಎತ್ತಬಾರದು. ನೋವು, ಜಾರುವಿಕೆ ಎರಡೂ ವಾಪಸ್ ಬಂದಿದ್ದರೆ ಮತ್ತೆ ಐದು ಪ್ರಶ್ನೆಯಿಂದ ಶುರು.

ಕೀಲು ಬಿಗಿಯಾಗಿದೆ ಎಂಬ ದೂರು ಎಲ್ಲಕ್ಕಿಂತ ಸಾಮಾನ್ಯ. ಬೆರಳುಗಳನ್ನು ಮೊದಲ ದಿನದಿಂದಲೇ ಆಡಿಸಬೇಕು, ಪ್ಲಾಸ್ಟರ್ ಇರುವುದು ಮಣಿಕಟ್ಟಿಗೆ ಮಾತ್ರ. ತಂತಿ ತೆಗೆದ ಮೇಲೆ ಮೊದಲು ಕಲಿಸುವ ಚಲನೆ ಸಣ್ಣ ಬಾಣ ಎಸೆಯುವಂಥ ಓರೆ ಚಲನೆ. ಅದರಲ್ಲಿ ಸ್ಕೇಫಾಯ್ಡ್–ಲೂನೇಟ್ ನಡುವೆ ಎಳೆತ ಕಡಿಮೆ. ಭಾರದ ಕೆಲಸಕ್ಕೆ ಸಾಮಾನ್ಯವಾಗಿ ಆರು ತಿಂಗಳಾದರೂ ಬೇಕು.

ತಂತಿಯ ಬುಡ ಕೆಂಪಾಗಿ ಕೀವು ಬಂದರೆ ಅದೇ ದಿನ ತೋರಿಸಬೇಕು. ಹೆಬ್ಬೆರಳಿನ ಹಿಂಬದಿ ಜೋಮು ಹಿಡಿದು, ಮುಟ್ಟಿದರೆ ಶಾಕ್ ಹೊಡೆದಂತಾದರೆ ಅಲ್ಲಿಯ ಚರ್ಮದ ನರಕ್ಕೆ ತಂತಿ ತಾಗಿರಬಹುದು. ಗಾಯಕ್ಕೆ ಮೀರಿದ ಉರಿ, ಬಣ್ಣ ಬದಲಾಗುವುದು, ಬೆವರು, ಮುಟ್ಟಿಸಿಕೊಳ್ಳಲಾಗದ ನೋವು ಕಂಡರೆ ಸಿಆರ್‌ಪಿಎಸ್ (ಪೆಟ್ಟು ಅಥವಾ ಆಪರೇಷನ್ ನಂತರ ನೋವು ಮಿತಿಮೀರುವ ಕಾಯಿಲೆ) ಇರಬಹುದು. ಅದಕ್ಕೆ ಇನ್ನೊಂದು ಆಪರೇಷನ್ ಮದ್ದಲ್ಲ, ಬೇಗನೆ ಫಿಸಿಯೋಥೆರಪಿ ಮತ್ತು ನೋವಿನ ಚಿಕಿತ್ಸೆ ಶುರು ಮಾಡಬೇಕು.

ಪ್ಲೇಟ್ ಹಾಕಿಸಿಕೊಂಡವರಿಗೆ ಹೆಬ್ಬೆರಳು ಇದ್ದಕ್ಕಿದ್ದಂತೆ ಮೇಲೇಳದೆ ಹೋದರೆ, ಉದ್ದದ ಸ್ಕ್ರೂ ತುದಿ ಹಿಂಬದಿಯಲ್ಲಿ ಟೆಂಡನ್ನನ್ನು ಉಜ್ಜಿ ಕಡಿದಿರಬಹುದು. ತೋರುಬೆರಳಿನ ಹೆಚ್ಚುವರಿ ಟೆಂಡನ್ನನ್ನು ತಂದು ಜೋಡಿಸಿ ಇದನ್ನು ಸರಿಮಾಡುತ್ತಾರೆ. ಹೆಬ್ಬೆರಳ ತುದಿ ಬಗ್ಗಿಸುವಾಗ ಅಂಗೈ ಕಡೆ ಕರಕರ ಅನ್ನಿಸುತ್ತಿದ್ದರೆ ಪ್ಲೇಟಿನ ಅಂಚು ತಾಗುತ್ತಿರಬಹುದು. ಮೂಳೆ ಕೂಡಿದ್ದರೆ, ಟೆಂಡನ್ ಕಡಿಯುವವರೆಗೆ ಕಾಯದೆ ಪ್ಲೇಟ್ ತೆಗೆಸುವುದು ಲೇಸು.